ರಾಬರ್ಟ್ ಬ್ಲಿಂಕೋನ ಜಾಡು: ಸಾವಿನಿಂದ ಹಿಂದಕ್ಕೆ

ಪೋಸ್ಟ್ 1

ಮೊದಲು ಫೋಟೋ ನೋಡಿ. 1832ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಚ್ಚಾದ ಒಂದು ತೆಳು ಪುಸ್ತಕದಲ್ಲಿರೋ ಮರದಚ್ಚಿನ ಚಿತ್ರ ಇದು. ಒಬ್ಬ ಗಂಡಸು ನಿಂತಿದ್ದಾನೆ. ಮುಖ ನಲವತ್ತರ ಹತ್ತಿರದ್ದು, ಆದ್ರೆ ಎತ್ತರ ಹುಡುಗನದು. ಕಾಲು ನೋಡಿದ್ರಾ? ಮಂಡಿಗಳು ಒಳಕ್ಕೆ ಬಾಗಿವೆ. ಚಿತ್ರಕಾರನಿಗೆ ಕಾಲು ಬಿಡಿಸೋಕೆ ಬರ್ತಿರಲಿಲ್ಲ ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಅವನು ಸರಿಯಾಗೇ ಬಿಡಿಸಿದ್ದ. ಏಳನೇ ವಯಸ್ಸಿನಿಂದ ದಿನಕ್ಕೆ ಹದಿನಾಲ್ಕು ಗಂಟೆ ನಿಂತೇ ಕೆಲಸ ಮಾಡಿದ ಮಗುವಿನ ಕಾಲು ದೊಡ್ಡವನಾದ ಮೇಲೆ ಹೀಗೇ ಇರುತ್ತೆ.

ಇವನ ಹೆಸರು ರಾಬರ್ಟ್ ಬ್ಲಿಂಕೋ. ಇಂಗ್ಲೆಂಡಿನ ಹತ್ತಿ ಗಿರಣಿಯ ಕೂಲಿ. ರಾಜ ಅಲ್ಲ, ಸೇನಾಪತಿ ಅಲ್ಲ, ಏನನ್ನೂ ಕಂಡುಹಿಡಿಯಲಿಲ್ಲ. "ಇವನು ಎಕ್ಸಾಮ್‌ಗೆ ಬರ್ತಾನಾ?" ಅಂತ ನಮ್ಮ ಕ್ಲಾಸ್‌ನವರು ಕೇಳ್ತಾರೆ ಅಂತ ಗೊತ್ತು. ಬರಲ್ಲ. ಕೈಗಾರಿಕಾ ಕ್ರಾಂತಿ ಅನ್ನೋ ಐದು ಮಾರ್ಕಿನ ಪ್ರಶ್ನೆಯೊಳಗೆ ಇವನು ಕಾಣದ ಹಾಗೆ ಇದ್ದಾನೆ ಅಷ್ಟೇ.

ಈ ಸರಣಿಯಲ್ಲಿ ಒಂದು ಆಟ ಆಡೋಣ. ನೀವು ಇವತ್ತು ಇಂಗ್ಲೆಂಡಿನಲ್ಲಿದ್ದೀರಿ, ಬ್ಲಿಂಕೋ ನಿಮ್ಮ ಮುತ್ತಜ್ಜನ ಅಜ್ಜ ಅಂತ ಇಟ್ಕೊಳ್ಳಿ. ಮನೆಯಲ್ಲಿ ಯಾರಿಗೂ ಹೆಚ್ಚೇನೂ ನೆನಪಿಲ್ಲ. ನಮ್ಮ ಕಡೆ ಆದ್ರೆ ಹೆಳವರು ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು, ತಲೆತಲಾಂತರದ ಹೆಸರು ಓದ್ತಾರೆ. ಅಲ್ಲಿ ಹೆಳವರಿಲ್ಲ, ಕಾಗದ ಇದೆ. ಚರ್ಚಿನ ಕಾಗದ, ಸರ್ಕಾರದ ಕಾಗದ, ಜೈಲಿನ ಕಾಗದ. ಆ ಕಾಗದ ಹಿಡಿದು ಒಬ್ಬ ಬಡವನನ್ನ ಎಷ್ಟು ದೂರ ಹಿಂಬಾಲಿಸಬಹುದು?

ವಂಶ ಹುಡುಕೋರದ್ದು ಒಂದು ಹಳೇ ನಿಯಮ: ಹುಟ್ಟಿನಿಂದ ಶುರು ಮಾಡಬಾರದು, ಸಾವಿನಿಂದ ಶುರು ಮಾಡಬೇಕು. ಗೊತ್ತಿರೋದರಿಂದ ಗೊತ್ತಿಲ್ಲದ ಕಡೆಗೆ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಸರಿ, 1860ಕ್ಕೆ ಹೋಗೋಣ.

ಪೋಸ್ಟ್ 2

1860. ಮ್ಯಾಕಲ್ಸ್‌ಫೀಲ್ಡ್. ಚೆಷೈರ್ ಕೌಂಟಿಯ ರೇಷ್ಮೆ ಗಿರಣಿಗಳ ಊರು. ಮಗಳ ಮನೆಯಲ್ಲಿ ರಾಬರ್ಟ್ ಬ್ಲಿಂಕೋ ತೀರಿಕೊಂಡ. ಕಾರಣ ಬ್ರಾಂಕೈಟಿಸ್.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವುಗಳನ್ನ ಸರ್ಕಾರವೇ ನೋಂದಾಯಿಸೋಕೆ ಶುರುವಾಗಿದ್ದು 1837ರ ಜುಲೈ 1ರಿಂದ. ಅಲ್ಲಿಂದೀಚೆಗೆ ಸತ್ತವರಿಗೆಲ್ಲ ಒಂದು ಸಾಲು ಇರುತ್ತೆ. ಯಾವತ್ತು, ಎಲ್ಲಿ, ಹೆಸರು, ವಯಸ್ಸು, ಕೆಲಸ, ಸಾವಿನ ಕಾರಣ, ವಿಷಯ ತಿಳಿಸಿದವರು ಯಾರು. ಈ ಕೊನೇ ಕಾಲಮ್ ನನಗೆ ತುಂಬ ಇಷ್ಟ. ಸತ್ತಾಗ ಪಕ್ಕದಲ್ಲಿದ್ದವರು ಯಾರು ಅಂತ ಅದು ಹೇಳುತ್ತೆ. ಓದು ಬಾರದವರಾದ್ರೆ ಸಹಿಯ ಜಾಗದಲ್ಲಿ ಒಂದು ಗುರುತು ಇರುತ್ತೆ.

ಆದ್ರೆ ಒಂದು ಕಾಲಮ್ ಇಲ್ಲ. ಅಪ್ಪ ಅಮ್ಮನ ಹೆಸರು. ಸ್ಕಾಟ್ಲೆಂಡಿನಲ್ಲಿ 1855ರಿಂದ ಸಾವಿನ ದಾಖಲೆಯಲ್ಲಿ ತಂದೆತಾಯಿಯ ಹೆಸರು ಬರೀತಾರೆ. ಬ್ಲಿಂಕೋ ಸತ್ತ ಊರು ಗಡಿಯಿಂದ ಉತ್ತರಕ್ಕಿದ್ದಿದ್ರೆ ನಮ್ಮ ಕೆಲಸ ಅರ್ಧ ಮುಗೀತಿತ್ತು ಅನಿಸುತ್ತೆ. ಇಲ್ಲ, ಅಲ್ಲಿದ್ದಿದ್ರೂ ಮುಗೀತಿರಲಿಲ್ಲ. ಯಾಕೆ ಅಂತ ಕೊನೇ ಪೋಸ್ಟ್‌ನಲ್ಲಿ ಗೊತ್ತಾಗುತ್ತೆ.

ಬ್ರಾಂಕೈಟಿಸ್ ಅಂದ ಕೂಡಲೇ "ಹತ್ತಿ ಧೂಳು ಕುಡಿದೇ ಸತ್ತ" ಅಂತ ಬರೆಯೋಕೆ ಕೈ ತುರಿಸುತ್ತೆ. ಬರೆದ್ರೆ ಲೈಕ್ ಜಾಸ್ತಿ ಬರುತ್ತೆ. ಆದ್ರೆ ಕಾಗದ ಅಷ್ಟು ಹೇಳಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಗಿರಣಿ ಮುಖವೇ ನೋಡದ ಎಷ್ಟೋ ಮುದುಕರು ಅದರಿಂದಲೇ ಸತ್ತರು.

ಪೋಸ್ಟ್ 3

ಚಿಕ್ಕ ಪೋಸ್ಟ್. ಜನಗಣತಿ.

ಬ್ರಿಟನ್ನಿನಲ್ಲಿ 1801ರಿಂದ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸ್ತಿದ್ರು. ಆದ್ರೆ ದೇಶದ ಎಲ್ಲರ ಹೆಸರು ಸಮೇತ ಪಟ್ಟಿ ಸಿಗೋದು 1841ರಿಂದ. ಆ ವರ್ಷ ಒಂದು ವಿಚಿತ್ರ ಮಾಡಿದ್ರು: ಹದಿನೈದು ದಾಟಿದವರ ವಯಸ್ಸನ್ನ ಕೆಳಗಿನ ಐದಕ್ಕೆ ಇಳಿಸಿ ಬರೆಯೋದು. 49 ವರ್ಷದವನು ಪಟ್ಟಿಯಲ್ಲಿ 45. ವಂಶ ಹುಡುಕೋಕೆ ಹೊಸದಾಗಿ ಇಳಿದವರೆಲ್ಲ ಇಲ್ಲಿ ಒಂದು ಸಲ ಜಾರಿ ಬೀಳ್ತಾರೆ. ಹುಟ್ಟಿದ ಊರನ್ನೂ ಕೇಳಲಿಲ್ಲ, "ಇದೇ ಕೌಂಟಿಯಲ್ಲಿ ಹುಟ್ಟಿದ್ದಾ?" ಅಂತ ಮಾತ್ರ ಕೇಳಿದ್ರು.

1851ರ ಮಾರ್ಚ್ 30ರ ರಾತ್ರಿಯ ಎಣಿಕೆಯಲ್ಲಿ ಹುಟ್ಟಿದ ಊರಿನ ಕಾಲಮ್ ಬಂತು. ಬಡವರ ವಂಶ ಹುಡುಕೋರಿಗೆ ಇದು ಚಿನ್ನದ ಗಣಿ. ಒಂದೇ ತೊಂದರೆ, ಆ ಕಾಲಮ್ಮಿಗೆ ಉತ್ತರ ಕೊಡೋನು ಮನೆ ಯಜಮಾನ. ತಾನೆಲ್ಲಿ ಹುಟ್ಟಿದೆ ಅಂತ ಯಾರಿಗೂ ನೆನಪಿರಲ್ಲ, ಅಮ್ಮ ಹೇಳಿದ್ದನ್ನ ಹೇಳ್ತೀವಿ. ಹೇಳೋ ಅಮ್ಮನೇ ಇಲ್ಲದವನು?

ಪೋಸ್ಟ್ 4

1833. ಇಲ್ಲಿ ಮೊದಲ ಸಲ ನಮ್ಮ ಮುತ್ತಜ್ಜ ಬಾಯಿ ಬಿಡ್ತಾನೆ.

ಹಿನ್ನೆಲೆ ಹೇಳ್ತೀನಿ, ಬೇಗ ಮುಗಿಸ್ತೀನಿ. ಗಿರಣಿಗಳಲ್ಲಿ ಮಕ್ಕಳ ಕೆಲಸದ ಬಗ್ಗೆ 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಅನ್ನೋ ಸಂಸದನ ಸಮಿತಿ ವಿಚಾರಣೆ ನಡೆಸಿತು. ಸಾಕ್ಷಿಗಳು ಹೇಳಿದ್ದು ಕೇಳಿ ದೇಶ ನಡುಗಿತು. ಗಿರಣಿ ಮಾಲೀಕರು ಮಾತ್ರ ಒಪ್ಪಲಿಲ್ಲ. "ಇದು ಏಕಪಕ್ಷೀಯ, ಸಾಕ್ಷಿಗಳ ಕೈಲಿ ಪ್ರಮಾಣ ಮಾಡಿಸಿಲ್ಲ" ಅಂತ ವಾದ ಹೂಡಿ, 1833ರಲ್ಲಿ ಹೊಸ ರಾಯಲ್ ಕಮಿಷನ್ ಬರೋ ಹಾಗೆ ಮಾಡಿದ್ರು. ಅದರ ಅಧಿಕಾರಿಗಳು ಊರೂರಿಗೆ ಹೋಗಿ ಸಾಕ್ಷ್ಯ ತಗೊಂಡ್ರು. ವೈದ್ಯ ಬಿಸೆಟ್ ಹಾಕಿನ್ಸ್ ಮುಂದೆ ನಿಂತವರಲ್ಲಿ ಬ್ಲಿಂಕೋ ಒಬ್ಬ.

ಇದು ಮುಖ್ಯ, ಯಾಕಂದ್ರೆ ಇದು ಅವನ ಸ್ನೇಹಿತರು ಕರೆದ ಸಭೆ ಅಲ್ಲ. ಮಾಲೀಕರ ಒತ್ತಾಯದಿಂದ ಹುಟ್ಟಿದ ಆಯೋಗ.

ಅವನು ಹೇಳಿದ್ದರಲ್ಲಿ ಒಂದು ವಿಷಯ: ಒಂದೊಂದು ಪೌಂಡ್ ತೂಕದ ಎರಡು ಕೈ ಇಕ್ಕಳಗಳನ್ನ ತನ್ನ ಕಿವಿಗಳಿಗೆ ಸ್ಕ್ರೂ ಮಾಡಿ ಬಿಗಿದಿದ್ದರು ಅಂತ. ಒಂದು ಪೌಂಡ್ ಅಂದ್ರೆ ಹತ್ತಿರ ಹತ್ತಿರ ಅರ್ಧ ಕೇಜಿ. ಕಿವಿಯ ಹಿಂದೆ ಅದರ ಗಾಯದ ಗುರುತು ಇನ್ನೂ ಇತ್ತು.

ಆಮೇಲೆ ಅವನ ಮಕ್ಕಳ ಬಗ್ಗೆ ಕೇಳಿದ್ರು. ಮೂರು ಮಕ್ಕಳು. ಗಿರಣಿಗೆ ಕಳಿಸ್ತೀಯಾ? ಇಲ್ಲ. ಅದಕ್ಕಿಂತ ಅವರಿಗೆ ಗಡೀಪಾರು ಶಿಕ್ಷೆ ಆಗೋದೇ ಮೇಲು ಅನ್ನೋ ಅರ್ಥದ ಉತ್ತರ ಕೊಟ್ಟ. ಈಗ ಇದು ಸುಮ್ಮನೆ ಸಿಟ್ಟಿನ ಮಾತು ಅನಿಸಬಹುದು. 1833ರಲ್ಲಿ ಗಡೀಪಾರು ಅಂದ್ರೆ ಹಡಗು ಹತ್ತಿಸಿ ಆಸ್ಟ್ರೇಲಿಯಾದ ಕೈದಿಗಳ ನೆಲೆಗೆ ಕಳಿಸೋದು. ಹೋದವರಲ್ಲಿ ಹೆಚ್ಚಿನವರು ತಿರುಗಿ ಬರ್ತಿರಲಿಲ್ಲ. ಒಬ್ಬ ಅಪ್ಪ ಅದನ್ನೂ ಗಿರಣಿಯನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಹಡಗೇ ವಾಸಿ ಅಂತಿದ್ದಾನೆ.

ಅದೇ ವರ್ಷದ ಫ್ಯಾಕ್ಟರಿ ಕಾಯ್ದೆ ರೇಷ್ಮೆ ಗಿರಣಿ ಬಿಟ್ಟು ಉಳಿದ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ಕೆಲಸ ನಿಷೇಧಿಸಿತು. ನೋಡಿಕೊಳ್ಳೋಕೆ ಇಡೀ ದೇಶಕ್ಕೆ ನಾಲ್ಕು ಜನ ಇನ್ಸ್‌ಪೆಕ್ಟರ್. ಹೌದು, ನಾಲ್ಕೇ.

ಪೋಸ್ಟ್ 5

ಇನ್ನೂ ಹಿಂದಕ್ಕೆ. ಮದುವೆ, 1819. ಹೆಂಡತಿ ಮಾರ್ಥಾ.

1754ರಿಂದ ಇಂಗ್ಲೆಂಡಿನ ಚರ್ಚ್ ಮದುವೆ ಪುಸ್ತಕದಲ್ಲಿ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು, ಬಾರದವರು ಗೀಟು ಎಳೀಬೇಕು. ಕೂಲಿಯೊಬ್ಬನ ಬದುಕಿನಲ್ಲಿ ಅವನ ಕೈಯೇ ಕಾಗದಕ್ಕೆ ತಾಗಿದ ಜಾಗ ಬಹಳ ಸಲ ಇದೊಂದೇ. ಆದ್ರೆ ಈ ಪುಸ್ತಕದಲ್ಲೂ 1837ಕ್ಕೆ ಮುಂಚೆ ಅಪ್ಪನ ಹೆಸರು ಬರೆಯೋ ಕಾಲಮ್ ಇರಲಿಲ್ಲ. ಎರಡನೇ ಬಾಗಿಲೂ ಮುಚ್ಚಿತು.

ಆ ಹೊತ್ತಿಗೆ ಅವನು ಗಿರಣಿ ಬಿಟ್ಟಿದ್ದ. 1817ರಲ್ಲಿ ಹತ್ತಿಯ ವೇಸ್ಟ್ ಕೊಂಡು ಮಾರೋ ಚಿಕ್ಕ ವ್ಯಾಪಾರ ಶುರು ಮಾಡಿದ್ದ. ಗಿರಣಿಯ ನೆಲದ ಮೇಲೆ ಬಿದ್ದ ಎಳೆ, ತುಂಡು, ಕಸ. ಇದನ್ನ ನೆನಪಿಟ್ಕೊಳ್ಳಿ, ಏಳನೇ ಪೋಸ್ಟ್‌ನಲ್ಲಿ ಮತ್ತೆ ಬರುತ್ತೆ.

ಒಂದು ಸಲ ಧೈರ್ಯ ಮಾಡಿ ನೂಲುವ ಯಂತ್ರ ಕೊಂಡ. ಬೆಂಕಿ ಬಿದ್ದು ಸುಟ್ಟು ಹೋಯ್ತು. ಸಾಲ ತೀರಿಸೋಕೆ ಆಗದೆ ಲ್ಯಾಂಕಾಸ್ಟರ್ ಕೋಟೆಯ ಜೈಲು ಸೇರಿದ. ಆಗ ಸಾಲಗಾರರನ್ನ ಜೈಲಿಗೆ ಹಾಕ್ತಿದ್ರು, ಆ ಕೋಟೆ ಅದಕ್ಕೇ ಹೆಸರುವಾಸಿ. ಬಿಡುಗಡೆ ಆಗಿ ಬಂದು ಮತ್ತೆ ಅದೇ ಹತ್ತಿ ಕಸದ ವ್ಯಾಪಾರ ಹಿಡಿದ. ಅದರಲ್ಲೇ ಮೂರೂ ಮಕ್ಕಳನ್ನ ಓದಿಸಿದ.

ವಂಶ ಹುಡುಕೋರಿಗೆ ಒಂದು ಕಹಿ ಸತ್ಯ ಗೊತ್ತಿರುತ್ತೆ: ನೆಟ್ಟಗೆ ಬದುಕಿದ ಬಡವ ಕಾಗದದಲ್ಲಿ ಸಿಗಲ್ಲ. ಸಾಲ ಮಾಡಬೇಕು, ಜೈಲಿಗೆ ಹೋಗಬೇಕು, ಊಟಕ್ಕಿಲ್ಲದೆ ಪ್ಯಾರಿಷ್ ಮುಂದೆ ಕೈ ಚಾಚಬೇಕು. ಆಗ ಯಾರಾದ್ರೂ ಒಬ್ಬ ಗುಮಾಸ್ತ ಹೆಸರು ಬರ್ಕೊಳ್ತಾನೆ.

ಪೋಸ್ಟ್ 6

ಇಲ್ಲಿವರೆಗೆ ಮಾಮೂಲಿ ಕಾಗದಗಳು. ಈಗ ಮಾಮೂಲಿ ಅಲ್ಲದ್ದು. ಮೊದಲ ಪೋಸ್ಟ್‌ನ ಚಿತ್ರ ಇದ್ದ ಪುಸ್ತಕ.

1822ರಲ್ಲಿ ಜಾನ್ ಬ್ರೌನ್ ಅನ್ನೋ ಪತ್ರಕರ್ತ ಮಕ್ಕಳ ದುಡಿಮೆ ಬಗ್ಗೆ ಮಾಹಿತಿ ಹುಡುಕ್ತಾ ಬ್ಲಿಂಕೋನನ್ನ ಭೇಟಿ ಮಾಡಿದ. ಅವನು ಹೇಳಿದ್ದನ್ನ ಬರ್ಕೊಂಡ. ಬರೀತಾ ಬರೀತಾ ಲೇಖನ ಹೋಗಿ ಜೀವನಚರಿತ್ರೆ ಆಯ್ತು. ಅದು ಅಚ್ಚಾಗೋಕೆ ಮುಂಚೆಯೇ ಬ್ರೌನ್ ತನ್ನ ಜೀವ ತಾನೇ ಕಳಕೊಂಡ. ಹಸ್ತಪ್ರತಿ ರಿಚರ್ಡ್ ಕಾರ್ಲೈಲ್ ಕೈ ಸೇರಿತ್ತು. ಸರ್ಕಾರಕ್ಕೆ ಹಿಡಿಸದ್ದನ್ನ ಅಚ್ಚು ಹಾಕಿ ವರ್ಷಗಟ್ಟಲೆ ಜೈಲು ಕಂಡ ಪ್ರಕಾಶಕ ಅವನು. 1828ರ ಜನವರಿ 25ರಿಂದ ಫೆಬ್ರವರಿ 22ರವರೆಗೆ, ತನ್ನ "ದ ಲಯನ್" ಪತ್ರಿಕೆಯಲ್ಲಿ ಐದು ವಾರ ಧಾರಾವಾಹಿಯಾಗಿ ಹಾಕಿದ. ಆಮೇಲೆ ನೂಲುಗಾರರ ಸಂಘ ಕಟ್ಟಿದ ಜಾನ್ ಡೊಹರ್ಟಿ 1832ರಲ್ಲಿ ಪುಸ್ತಕ ಮಾಡಿದ.

ಒಬ್ಬ ಗಿರಣಿ ಕೂಲಿಯ ಜೀವನಚರಿತ್ರೆ, ಅವನು ಬದುಕಿರುವಾಗಲೇ. ಇಂಥದ್ದು ಆಗ ಬಹಳ ಅಪರೂಪ.

ಆದ್ರೆ ನಂಬಬಹುದಾ? ಇಲ್ಲಿ ಜಗಳ ಇದೆ. ಬ್ರೌನ್ ಭಾವುಕ. ಕಾರ್ಲೈಲ್ ಮತ್ತು ಡೊಹರ್ಟಿಗೆ ರಾಜಕೀಯ ಉದ್ದೇಶ ಇತ್ತು. 20ನೇ ಶತಮಾನದ ಕೆಲವು ಇತಿಹಾಸಕಾರರು ಇದನ್ನ ಉತ್ಪ್ರೇಕ್ಷೆ ಅಂದ್ರು, ಒಂದು ಕೆಟ್ಟ ಗಿರಣಿ ನೋಡಿ ಎಲ್ಲ ಗಿರಣಿಗಳನ್ನ ಅಳೀಬಾರದು ಅಂದ್ರು. ಆ ಎರಡನೇ ಮಾತು ನ್ಯಾಯವಾದದ್ದೇ. ಪುಸ್ತಕ ಓದಿದಾಗ ನನಗೆ ಅನಿಸಿದ್ದು ಇಷ್ಟು: ವಿಶೇಷಣಗಳೆಲ್ಲ ಬ್ರೌನ್‌ದು, ಘಟನೆಗಳು ಬ್ಲಿಂಕೋದು. "ಅಯ್ಯೋ ಪಾಪಿಗಳೇ" ಅನ್ನೋ ಧಾಟಿಯ ಸಾಲುಗಳನ್ನ ದಾಟಿ ಹೋದ್ರೆ ಕೆಳಗೆ ಗಟ್ಟಿಯಾದ, ಸಣ್ಣ ಸಣ್ಣ ವಿವರಗಳು ಸಿಗ್ತವೆ. ಹಂದಿಗಳ ವಿವರ ಓದಿ, ಅದನ್ನ ಯಾರಾದ್ರೂ ಕೂತು ಕಲ್ಪಿಸ್ಕೊಂಡು ಬರೆಯೋಕೆ ಸಾಧ್ಯನಾ ಹೇಳಿ. ಮುಂದಿನ ಪೋಸ್ಟ್.

ಪೋಸ್ಟ್ 7

ಉದ್ದ ಆಗುತ್ತೆ. ಟೀ ಇಟ್ಕೊಂಡು ಕೂತ್ಕೊಳ್ಳಿ. ಬೇಡ, ಊಟ ಮಾಡ್ಕೊಂಡೇ ಬನ್ನಿ.

ಫೋಟೋದಲ್ಲಿರೋದು ಡರ್ಬಿಶೈರ್‌ನ ವೈ ನದಿ ಕಣಿವೆಯ ಲಿಟನ್ ಗಿರಣಿ. ಈಗ ಫ್ಲ್ಯಾಟುಗಳು. ವೀಕೆಂಡಿಗೆ ಟ್ರೆಕ್ಕಿಂಗ್ ಬರೋರ ನೆಚ್ಚಿನ ದಾರಿ ಪಕ್ಕದಲ್ಲೇ ಹಾದು ಹೋಗುತ್ತೆ. ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಗೋಡೆ, ಮಧ್ಯೆ ನೀರು. ನೀರಿನ ಚಕ್ರಕ್ಕೆ ಹೇಳಿ ಮಾಡಿಸಿದ ಜಾಗ. ಒಳಗೆ ನಡೆಯೋದು ಹೊರಗೆ ಕಾಣದಿರೋಕೂ ಹೇಳಿ ಮಾಡಿಸಿದ ಜಾಗ.

ಬ್ಲಿಂಕೋ ಇಲ್ಲಿಗೆ ಬಂದಿದ್ದು 1803ರ ಸುಮಾರಿಗೆ. ಮಾಲೀಕ ಎಲ್ಲಿಸ್ ನೀಡ್‌ಹ್ಯಾಮ್. ಮಕ್ಕಳಿಗೆ ಸಂಬಳ ಇಲ್ಲ, ಅವರು "ಪ್ಯಾರಿಷ್ ಅಪ್ರೆಂಟಿಸ್"ಗಳು. ಬಡ ಮಕ್ಕಳನ್ನ ಸಾಕೋ ಖರ್ಚು ಉಳಿಸೋಕೆ ಲಂಡನ್ನಿನ ಪ್ಯಾರಿಷ್‌ಗಳು ಅವರನ್ನ 21 ವರ್ಷ ತುಂಬೋವರೆಗೂ ಗಿರಣಿಗಳಿಗೆ ಬರೆದುಕೊಡ್ತಿದ್ರು. ಊಟ, ಬಟ್ಟೆ, ಮಲಗೋಕೆ ಜಾಗ ಮಾಲೀಕನ ಹೊಣೆ. ಓಡಿ ಹೋದ್ರೆ ಕಾನೂನು ಮಾಲೀಕನ ಕಡೆ.

ಈಗ ಹಂದಿಗಳು. ಮಾಲೀಕ ಹಂದಿ ಸಾಕಿದ್ದ. ಅವಕ್ಕೆ ಹಿಟ್ಟಿನ ಉಂಡೆ ಹಾಕ್ತಿದ್ರು. ಹಂದಿಗಳ ಊಟ ಮಕ್ಕಳ ಊಟಕ್ಕಿಂತ ಚೆನ್ನಾಗಿತ್ತು, ಅದಕ್ಕೇ ಮಕ್ಕಳು ಹೊಂಚು ಹಾಕಿ ತೊಟ್ಟಿಯಿಂದ ಉಂಡೆ ಕದೀತಿದ್ರು. ಕೆಲವು ದಿನ ಆದ ಮೇಲೆ ಹಂದಿಗಳಿಗೂ ಬುದ್ಧಿ ಬಂತು: ಮಕ್ಕಳು ಹತ್ತಿರ ಬಂದ ಕೂಡಲೇ ಕಿರುಚೋಕೆ ಶುರು ಮಾಡಿದ್ವು. ಶಬ್ದ ಕೇಳಿ ಹಂದಿ ಕಾಯೋನು ಚಾಟಿ ಹಿಡ್ಕೊಂಡು ಓಡಿ ಬರ್ತಿದ್ದ.

ಹೊಡೆತದ ವಿವರ ಎಲ್ಲ ಬರೆಯಲ್ಲ. ಪುಸ್ತಕದಲ್ಲಿ ಪುಟಗಟ್ಟಲೆ ಇದೆ, ಓದಿ ಎರಡು ದಿನ ಮನಸ್ಸು ಸರಿ ಇರಲಿಲ್ಲ. ಒಂದು ಮಾತ್ರ ಹೇಳ್ತೀನಿ. ಅವನು ಒಮ್ಮೆ ತಪ್ಪಿಸಿಕೊಂಡು ಮ್ಯಾಜಿಸ್ಟ್ರೇಟ್ ಹತ್ತಿರ ದೂರು ಕೊಡೋಕೆ ಹೋದ. ಅಂದ್ರೆ ಅವನು ಹೋಗಿದ್ದು ಕಾನೂನಿನ ಹತ್ತಿರ. 1802ರಲ್ಲೇ ಅಪ್ರೆಂಟಿಸ್ ಮಕ್ಕಳಿಗಾಗಿ ಒಂದು ಕಾಯ್ದೆ ಬಂದಿತ್ತು. ಹನ್ನೆರಡು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಗೋಡೆಗೆ ಸುಣ್ಣ ಹೊಡೀಬೇಕು, ಪಾಠ ಹೇಳಿಕೊಡಬೇಕು, ಮ್ಯಾಜಿಸ್ಟ್ರೇಟರು ನೇಮಿಸಿದ ಇಬ್ಬರು ಬಂದು ನೋಡಬೇಕು. ಕಾಗದದ ಮೇಲೆ ಎಲ್ಲ ಇತ್ತು. ಹುಡುಗನನ್ನ ವಾಪಸ್ ಅದೇ ಗಿರಣಿಗೆ ಕಳಿಸಿದ್ರು. ಅಲ್ಲಿ ಏನು ಕಾದಿತ್ತು ಅಂತ ಊಹಿಸೋದು ಕಷ್ಟ ಅಲ್ಲ.

ಆಮೇಲೆ ಜ್ವರ ಬಂತು, ಸಾಂಕ್ರಾಮಿಕ. ಮಕ್ಕಳು ಒಬ್ಬೊಬ್ಬರೇ ಸತ್ತರು. ಪುಸ್ತಕ ಒಂದು ವಿಚಿತ್ರ ಮಾತು ಹೇಳುತ್ತೆ: ಒಂದೇ ಚರ್ಚಿನ ಸ್ಮಶಾನದಲ್ಲಿ ಅಷ್ಟು ಮಕ್ಕಳನ್ನ ಹೂತ್ರೆ ಜನ ಮಾತಾಡ್ಕೊಳ್ತಾರೆ ಅಂತ ಸ್ವಲ್ಪ ಜನರನ್ನ ಟೈಡ್ಸ್‌ವೆಲ್‌ನಲ್ಲೂ ಸ್ವಲ್ಪ ಜನರನ್ನ ಟ್ಯಾಡಿಂಗ್ಟನ್‌ನಲ್ಲೂ ಹೂಳ್ತಿದ್ರು.

ಇಂಥ ಕಡೆ ವಂಶ ಹುಡುಕೋರ ಬುದ್ಧಿ ಬೇಕಾಗುತ್ತೆ. ಆರೋಪ ಇದೆ, ಸರಿ. ಅದನ್ನ ಪರೀಕ್ಷೆ ಮಾಡೋಕೆ ಕಾಗದ ಇದೆಯಾ? ಇದೆ. ಇಂಗ್ಲೆಂಡಿನ ಪ್ರತಿ ಚರ್ಚೂ 1538ರಿಂದ ದೀಕ್ಷಾಸ್ನಾನ, ಮದುವೆ, ಹೂಳಿಕೆ ಬರೆದಿಡಬೇಕು ಅನ್ನೋ ಆಜ್ಞೆ ಇದೆ. ಬರೆದವನು ಪಾದ್ರಿ, ಬ್ರೌನ್‌ನ ಸ್ನೇಹಿತ ಅಲ್ಲ, ಯೂನಿಯನ್ನಿನವನೂ ಅಲ್ಲ. ಸಂಶೋಧಕರು ಹೋಗಿ ಎರಡೂ ಊರಿನ ಹೂಳಿಕೆ ಪುಸ್ತಕಗಳನ್ನ ತೆರೆದ್ರು. ಬ್ಲಿಂಕೋ ಹೇಳಿದ್ದನ್ನ ನಂಬಬೇಕೋ ಬೇಡವೋ ಅನ್ನೋ ಇಡೀ ಜಗಳ ಈಗಲೂ ಇಂಥ ಸಾಲುಗಳ ಸುತ್ತಲೇ ನಡೆಯುತ್ತೆ: ಒಂದು ತಾರೀಖು, ಒಂದು ಮಗುವಿನ ಹೆಸರು, ಗಿರಣಿಯ ಅಪ್ರೆಂಟಿಸ್ ಅನ್ನೋ ಒಂದು ಪದ. ಅಮ್ಮನ ಹೆಸರಿಲ್ಲ, ಅಪ್ಪನ ಹೆಸರಿಲ್ಲ.

ಲಿಟನ್‌ಗೆ ಮುಂಚೆ ಅವನು ಇದ್ದಿದ್ದು ನಾಟಿಂಗ್‌ಹ್ಯಾಮ್ ಹತ್ತಿರದ ಲೌಡಮ್ ಗಿರಣಿಯಲ್ಲಿ, ಲ್ಯಾಂಬರ್ಟ್ ಕುಟುಂಬದ್ದು. ಅವನ ಮೊದಲ ಕೆಲಸ ಏನು ಗೊತ್ತಾ? ಓಡ್ತಿರೋ ಯಂತ್ರದ ಕೆಳಗೆ ನುಸುಳಿ ನೆಲಕ್ಕೆ ಬಿದ್ದ ಹತ್ತಿ ಆರಿಸೋದು. ಧೂಳು, ಎಣ್ಣೆ ವಾಸನೆ, ತಲೆ ಮೇಲೆ ತಿರುಗೋ ಚಕ್ರ. ಮುಂದೆ ಅದೇ ಹತ್ತಿ ಕಸ ಮಾರಿಯೇ ಅವನು ಸಂಸಾರ ಸಾಕಿದ. ಎತ್ತರ ಸಾಲದ್ದಕ್ಕೆ ಆಮೇಲೆ ಮಣೆ ಮೇಲೆ ನಿಲ್ಲಿಸಿ ಕೆಲಸ ಮಾಡಿಸಿದ್ರು. ಒಂದು ಬೆರಳಿನ ಭಾಗ ಇಲ್ಲೇ ಯಂತ್ರಕ್ಕೆ ಹೋಯ್ತು.

ಮೇರಿ ರಿಚರ್ಡ್ಸ್ ಅನ್ನೋ ಹುಡುಗಿ ಇಲ್ಲೇ ಇದ್ದಳು, ಹತ್ತರ ಹತ್ತಿರ ವಯಸ್ಸು. ಅವಳ ಏಪ್ರನ್ ತಿರುಗೋ ಶಾಫ್ಟಿಗೆ ಸಿಕ್ಕಿತು. ಬ್ಲಿಂಕೋ ಕಣ್ಣೆದುರೇ. ಶಾಫ್ಟ್ ಅವಳನ್ನ ಎತ್ತಿ ಸುತ್ತಿಸಿ ನೆಲಕ್ಕೆ ಬಡಿಯಿತು. ಅವಳು ಸಾಯಲಿಲ್ಲ, ಊನವಾಗಿ ಬದುಕಿದಳು. ಇಪ್ಪತ್ತು ವರ್ಷ ಕಳೆದ ಮೇಲೆ ಬ್ರೌನ್ ಮುಂದೆ ಕೂತು ಇದನ್ನ ಹೇಳುವಾಗಲೂ ಅವಳ ಪೂರ್ತಿ ಹೆಸರು ಅವನಿಗೆ ನೆನಪಿತ್ತು. ಮೇರಿಯ ಬಗ್ಗೆ ಬೇರೆ ಪುಸ್ತಕ ಯಾರೂ ಬರೆಯಲಿಲ್ಲ. ಅವಳ ವಂಶದವರು ಯಾರಾದ್ರೂ ಹುಡುಕ್ತಾ ಬಂದ್ರೆ, ಅವಳಿಗಾದದ್ದು ಅವರಿಗೆ ಸಿಗೋದು ಬ್ಲಿಂಕೋನ ನೆನಪಿನಲ್ಲೇ.

ಪೋಸ್ಟ್ 8

1799ರ ಆಗಸ್ಟ್. ಲಂಡನ್, ಸೇಂಟ್ ಪ್ಯಾಂಕ್ರಸ್ ವರ್ಕ್‌ಹೌಸ್. ಅಂದ್ರೆ ಗತಿ ಇಲ್ಲದವರನ್ನ ಪ್ಯಾರಿಷ್ ಇಟ್ಟುಕೊಳ್ಳೋ ಮನೆ.

ಇಲ್ಲೊಂದು ವಿಷಯ ನನ್ನ ಲೆಕ್ಕ ತಲೆಕೆಳಗು ಮಾಡಿತು. ವರ್ಕ್‌ಹೌಸ್ ಅಂದ್ರೆ ನರಕ ಅಂತ ಸಿನಿಮಾ ನೋಡಿ ನಾವೆಲ್ಲ ಕಲಿತಿರೋದು. ಬ್ಲಿಂಕೋ ಹಾಗೆ ಹೇಳಲ್ಲ. ಅಲ್ಲಿ ಊಟ ಸರಿ ಇತ್ತು, ಜಾಗ ಶುಚಿ ಇತ್ತು. ಆದ್ರೆ ಹೊರಗೆ ಬಿಡ್ತಿರಲಿಲ್ಲ, ತನ್ನವರು ಅಂತ ಯಾರೂ ಇರಲಿಲ್ಲ. ಎಷ್ಟು ಬೇಜಾರಾಗಿತ್ತು ಅಂದ್ರೆ, ಚಿಮಣಿ ಗುಡಿಸೋರು ಹುಡುಗರನ್ನ ಆರಿಸೋಕೆ ಬಂದಾಗ "ನನ್ನನ್ನ ಕರ್ಕೊಂಡು ಹೋಗ್ಲಿ" ಅಂತ ಆಸೆಪಟ್ಟ. ಕತ್ತಲೆ, ಮಸಿ, ಇಕ್ಕಟ್ಟು. ಆರು ವರ್ಷದ ಮಗು ಅದನ್ನ ಬಯಸ್ತು. ಅವನಿಗೆ ಆ ಕೆಲಸ ಗಟ್ಟಿಯಾಗಲಿಲ್ಲ.

ಹಾಗಾಗಿ ಗಿರಣಿಯ ಸುದ್ದಿ ಬಂದಾಗ ಎಲ್ಲರಿಗೂ ಖುಷಿಯೋ ಖುಷಿ. ಹುರಿದ ಗೋಮಾಂಸ, ಪ್ಲಮ್ ಪುಡ್ಡಿಂಗ್, ಜೇಬಲ್ಲಿ ಬೆಳ್ಳಿ ಗಡಿಯಾರ, ದೊಡ್ಡ ಮನುಷ್ಯರಾಗ್ತೀರಿ ಅಂತ ಮಕ್ಕಳಿಗೆ ಹೇಳಿದ್ರು. ಸುಮಾರು 80 ಮಕ್ಕಳು ಗಾಡಿ ಹತ್ತಿದ್ರು. ಬ್ಲಿಂಕೋಗೆ ಏಳು ವರ್ಷ, ಕರಾರು ಹದಿನಾಲ್ಕು ವರ್ಷದ್ದು. ಲಂಡನ್ನಿನಿಂದ ನಾಟಿಂಗ್‌ಹ್ಯಾಮ್ ಸುಮಾರು 120 ಮೈಲಿ, ಕುದುರೆ ಗಾಡಿಯಲ್ಲಿ ದಿನಗಟ್ಟಲೆ ದಾರಿ. ಮುಟ್ಟಿದ ಮೇಲೆ ಮೊದಲ ಊಟ: ನೀಲಿಗೆ ತಿರುಗಿದ ನೀರು ಹಾಲಿನ ಗಂಜಿ, ಹಲ್ಲಿಗೆ ಮೆತ್ತಿಕೊಳ್ಳೋ ಕಪ್ಪು ಬ್ರೆಡ್. ಪುಡ್ಡಿಂಗ್ ಎಲ್ಲಿ ಅಂತ ಮಕ್ಕಳು ಮುಖ ಮುಖ ನೋಡ್ಕೊಂಡ್ರು.

ಈ ಘಟ್ಟಕ್ಕೂ ಕಾಗದ ಇದೆ. ಪ್ಯಾರಿಷ್ ಸಮಿತಿಯ ನಡಾವಳಿ ಪುಸ್ತಕ ಇದೆ. ಅಪ್ರೆಂಟಿಸ್ ಕರಾರು ಪತ್ರ ಅಂತಲೂ ಒಂದು ಇರ್ತಿತ್ತು. ಹಿಂದೆ ಒಂದೇ ಹಾಳೆಯಲ್ಲಿ ಎರಡು ಸಲ ಬರೆದು ಹಲ್ಲು ಹಲ್ಲಾಗಿ ಕತ್ತರಿಸಿ, ಆ ಕಡೆ ಒಂದು ಈ ಕಡೆ ಒಂದು ಇಟ್ಕೊಳ್ತಿದ್ರು. ಎರಡು ಅಂಚು ಕೂಡಿದ್ರೆ ಕರಾರು ಅಸಲಿ. ಇಂಗ್ಲಿಷಿನಲ್ಲಿ ಅದಕ್ಕೆ ಇಂಡೆಂಚರ್ ಅನ್ನೋ ಹೆಸರು ಬಂದಿದ್ದೇ ಆ ಹಲ್ಲಿನಿಂದ.

ಲೌಡಮ್‌ಗೆ ಹೋದ ಕೆಲವು ಮಕ್ಕಳಿಗೆ ಲಂಡನ್ನಿನಲ್ಲಿ ಅಮ್ಮಂದಿರಿದ್ರು. ಅವರಿಂದ ದೂರು ಹೋಗಿ, ಪ್ಯಾರಿಷ್‌ನವರು ಬಂದು ನೋಡಿದ ಮೇಲೆ ಅಲ್ಲಿ ಊಟ, ಮಲಗೋ ಜಾಗ ಸುಧಾರಿಸಿತು. ಮುಂದೆ 1816ರ ಕಾಯ್ದೆ ಲಂಡನ್ನಿನ ಮಕ್ಕಳನ್ನ 40 ಮೈಲಿಗಿಂತ ದೂರ ಕಳಿಸಬಾರದು ಅಂದಿತು. ಅಮ್ಮ ನಡ್ಕೊಂಡು ಹೋಗಿ ನೋಡಬಹುದಾದ ದೂರ, ಹೆಚ್ಚೂಕಮ್ಮಿ. ಬ್ಲಿಂಕೋಗೆ ಹದಿನೇಳು ವರ್ಷ ತಡವಾಗಿ ಬಂತು.

ಪೋಸ್ಟ್ 9, ಕೊನೇದು

1796. ವರ್ಕ್‌ಹೌಸ್ ಬಾಗಿಲು. ನಾಲ್ಕು ವರ್ಷದ ಮಗು ಒಳಗೆ ಬರುತ್ತೆ.

ದಾರಿ ಇಲ್ಲಿಗೆ ಮುಗೀತು. ವಂಶ ಹುಡುಕೋರು ಇದಕ್ಕೆ ಇಟ್ಟಿಗೆ ಗೋಡೆ ಅಂತಾರೆ. ಹುಟ್ಟಿದ್ದು 1792ರ ಸುಮಾರಿಗೆ, ಅದೂ ಅಂದಾಜು. ಅಪ್ಪ ಅಮ್ಮ ಯಾರು ಅಂತ ಅವನಿಗೇ ಹೇಳಿದವರಿಲ್ಲ. ಸಾವಿನ ಕಾಗದದಲ್ಲಿ ತಂದೆತಾಯಿಯ ಕಾಲಮ್ ಇದ್ದಿದ್ರೂ ಖಾಲಿ ಇರ್ತಿತ್ತು ಅಂತ ನಾನು ಹೇಳಿದ್ದು ಇದಕ್ಕೇ.

ಬೇರೆ ಮಕ್ಕಳನ್ನ ನೋಡೋಕೆ ಯಾರಾದ್ರೂ ಬರೋರು. ಚಿಕ್ಕಮ್ಮನೋ ಅಜ್ಜಿಯೋ, ಕೈಯಲ್ಲಿ ಏನಾದ್ರೂ ತಿಂಡಿ. ಇವನನ್ನ ನೋಡೋಕೆ ಯಾರೂ ಬರಲಿಲ್ಲ. ಅಪ್ಪ ಅಮ್ಮನ ಹೆಸರು ಗೊತ್ತಿಲ್ಲದ್ದು ತನಗೆ ಎಷ್ಟು ನೋವು ಅಂತ ಅವನು ದೊಡ್ಡವನಾದ ಮೇಲೂ ಬ್ರೌನ್ ಹತ್ತಿರ ಹೇಳ್ಕೊಂಡ. ಕಿವಿಗೆ ಬಿಗಿದ ಇಕ್ಕಳ, ಬೆರಳು, ಹಂದಿ, ಎಲ್ಲ ಸರಿ. ಆದ್ರೆ ಈ ನೋವಿಗೆ ಪುಸ್ತಕದ ಶುರುವಿನಲ್ಲೇ ಜಾಗ.

ಒಂದು ಗಾಳಿಸುದ್ದಿ ಮಾತ್ರ ಅವನ ಹಿಂದೆಯೇ ಬಂತು. ಅವನ ಅಪ್ಪ ಒಬ್ಬ ಪಾದ್ರಿ ಅಂತ. ಜೊತೆಯ ಹುಡುಗರು ಅವನನ್ನ "ಪಾರ್ಸನ್" ಅಂತಲೇ ಕರೀತಿದ್ರು, ನಮ್ಮಲ್ಲಿ "ಏ ಪೂಜಾರಿ" ಅಂದ ಹಾಗೆ. ನಿಜವೋ ಸುಳ್ಳೋ, ಅವನಿಗೆ ಅಪ್ಪನ ಬಗ್ಗೆ ಸಿಕ್ಕಿದ್ದು ಅಷ್ಟೇ, ಒಂದು ಅಡ್ಡಹೆಸರು.

ಕಾಮೆಂಟಿನಲ್ಲಿ ಇಬ್ಬರು ಕೇಳಿದ್ರು, ಆಲಿವರ್ ಟ್ವಿಸ್ಟ್ ಇವನೇನಾ ಅಂತ. 2005ರಲ್ಲಿ ಜಾನ್ ವಾಲರ್ ಇವನ ಬಗ್ಗೆ ಬರೆದ ಪುಸ್ತಕದ ಹೆಸರೇ "ದ ರಿಯಲ್ ಆಲಿವರ್ ಟ್ವಿಸ್ಟ್". ಹೋಲಿಕೆ ಇದೆ, ಆದ್ರೆ ಡಿಕನ್ಸ್ ಇವನನ್ನೇ ನೋಡಿ ಬರೆದ ಅಂತ ನಾನು ಹೇಳಲ್ಲ. ಇವನ ಕಥೆಯನ್ನ ನಿಜವಾಗಿ ಬಳಸಿಕೊಂಡವಳು ಫ್ರಾನ್ಸಿಸ್ ಟ್ರೊಲಪ್. ಅವಳ "ಮೈಕೇಲ್ ಆರ್ಮ್‌ಸ್ಟ್ರಾಂಗ್" ಕಾದಂಬರಿ 1839ರಿಂದ ಕಂತುಗಳಲ್ಲಿ ಬಂತು.

ನೀಡ್‌ಹ್ಯಾಮ್ 1815ರಲ್ಲಿ ದಿವಾಳಿ ಆದ. ಕೆಲವರು ಕೇಳಿದ್ರಿ, ಅದಕ್ಕೇ ಹಾಕಿದೆ.

ಇನ್ನು ಆ ಮೂರು ಮಕ್ಕಳು. ಗಿರಣಿಗೆ ಕಳಿಸಲ್ಲ ಅಂತ ಆಯೋಗದ ಮುಂದೆ ಹೇಳಿದ್ನಲ್ಲ, ಕಳಿಸಲಿಲ್ಲ. ಹತ್ತಿ ಕಸ ಮಾರಿ ಮಗನನ್ನ ಕೇಂಬ್ರಿಡ್ಜ್‌ಗೆ ಕಳಿಸಿದ, ಕ್ವೀನ್ಸ್ ಕಾಲೇಜು. ಮಗ ಡಿಗ್ರಿ ತಗೊಂಡು ಪಾದ್ರಿ ಆದ. ಈ ಸರಿ ಗಾಳಿಸುದ್ದಿ ಅಲ್ಲ, ನಿಜವಾದ ಪಾದ್ರಿ, ಚರ್ಚ್ ಆಫ್ ಇಂಗ್ಲೆಂಡ್‌ನವನು.

ಪಾದ್ರಿಯ ಕೆಲಸಗಳಲ್ಲಿ ಒಂದು ಏನು ಅಂದ್ರೆ ದೀಕ್ಷಾಸ್ನಾನದ ಪುಸ್ತಕ ತುಂಬೋದು. 1813ರಿಂದ ಅದಕ್ಕೆ ಅಚ್ಚು ಹಾಕಿದ ನಮೂನೆ ಬಂದಿತ್ತು. ಮಗುವಿನ ಹೆಸರು. ತಂದೆತಾಯಿಯ ಹೆಸರು. ಮನೆ ಎಲ್ಲಿ. ತಂದೆಯ ಕೆಲಸ. ಕೊನೆಗೆ ಸಹಿ, ಬ್ಲಿಂಕೋ.

ಸರಣಿ ಇಲ್ಲಿಗೆ ಮುಗೀತು. ಮುಂದಿನ ವಾರ ಇಂಟರ್ನಲ್ಸ್, ಹಾಗಾಗಿ ಪೋಸ್ಟ್ ಇರಲ್ಲ. ಮನೆಯಲ್ಲಿ ಅಜ್ಜಿ ತಾತ ಇದ್ರೆ ಅವರ ಅಪ್ಪ ಅಮ್ಮನ ಹೆಸರು ಕೇಳಿ ಬರೆದಿಟ್ಕೊಳ್ಳಿ. ನಾನು ನಿನ್ನೆ ಕೇಳಿದೆ, ಒಂದು ಹೆಸರು ಅಜ್ಜಿಗೂ ನೆನಪಾಗಲಿಲ್ಲ.

#ಕಾಗದದಲ್ಲಿ_ಸಿಕ್ಕವರು #ಇತಿಹಾಸ #ಹತ್ತಿಗಿರಣಿ #ರಾಬರ್ಟ್‌ಬ್ಲಿಂಕೋ